ಬೆಂಕಿ ಕಾಣದ ದಫ್‌ಗಳು

ಸವ್ಸನಕ್ಕನಿಗೆ ಕೆಲವು ವರ್ಷಗಳಿಂದ ಒಂದು ಅಭ್ಯಾಸವಿದೆ. ವಸಂತದ ಹೊಸವರ್ಷ ನವ್ರೂಜ್ ಹಬ್ಬದ ದಿನ ಯಾವ ಮನೆಯವರೇ ಹಾಡಲು ವೇದಿಕೆ ಹತ್ತಲಿ, ಮೆಟ್ಟಿಲ ಬಳಿ ಅವರನ್ನು ತಡೆದು, ದಫ್ ಎಂಬ ಚರ್ಮವಾದ್ಯ ಹಿಡಿದವಳ ಕೈಯಿಂದ ಅದನ್ನು ಈಸಿಕೊಂಡು, ಚರ್ಮದ ಮೇಲೆ ಅಂಗೈ ಇಟ್ಟು ನೋಡುತ್ತಾಳೆ. ಬಿಸಿಯಾಗಿದ್ದರೆ ಹತ್ತಿ ಅನ್ನುತ್ತಾಳೆ. ಇಲ್ಲದಿದ್ದರೆ ನನ್ನ ಒಲೆಯ ಕಡೆ ಬೆರಳು ತೋರಿಸುತ್ತಾಳೆ. ಪಟ್ಟಣದಿಂದ ಬಂದ ಹುಡುಗರು ಇದನ್ನು ನೋಡಿ, ಅಜ್ಜಿ ದಫ್‌ಗೆ ಜ್ವರ ಇದೆಯಾ ಅಂತ ನೋಡ್ತಾಳೆ ಎಂದು ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು. ಗೊತ್ತಿರುವ ನಮಗೆ ಆ ಅಂಗೈ ಚರ್ಮ ಮುಟ್ಟುವಷ್ಟು ಹೊತ್ತು ಉಸಿರೇ ಆಡುವುದಿಲ್ಲ.

ನಾನು ಅವಳ ಪಕ್ಕದ ಮನೆಯವಳು, ಶಕರ್ಮೋ. ನನಗೆ ಹಾಡಲು ಬರುವುದಿಲ್ಲ. ಬಾಯಿ ಜೋರು, ಕಂಠ ಕತ್ತೆಯದು. ಅದಕ್ಕೇ ಸವ್ಸನಕ್ಕ ಮೊದಲಿನಿಂದಲೂ ನನ್ನನ್ನು ಒಲೆಗೆ ಹಾಕಿದ್ದಾಳೆ. ಹಬ್ಬದ ದಿನ ಶಾಲೆಯ ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆ ಇಟ್ಟು, ಗೋಧಿ ಮತ್ತು ಕುರಿಯ ತಲೆಮಾಂಸ ಹಾಕಿ ಬೋಜ್ ಬೇಯಿಸುವುದು ನನ್ನ ಕೆಲಸ. ದಫ್‌ಗಳನ್ನು ಕಾಯಿಸಿಕೊಳ್ಳುವುದೂ ಆ ಒಲೆಯಲ್ಲೇ. ಆದ್ದರಿಂದ ಯಾರ ದಫ್ ಬೆಂಕಿ ಕಂಡಿತು, ಯಾರದು ಕಾಣಲಿಲ್ಲ ಎಂದು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಬೆಟ್ಟದೂರು ವಿಯೋಜ್‌ನಲ್ಲಿ ಯಾರೂ ಇಲ್ಲ.

ಸವ್ಸನಕ್ಕ ಅಂದರೆ ಸವ್ಸನ್‌ಬೇಗಿಮ್. ಈಗ ಕೂದಲು ಪೂರ್ತಿ ಹಣ್ಣಾಗಿದೆ. ಒಂದು ಕಾಲದಲ್ಲಿ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಊರಿನಲ್ಲಿ ಅವಳಷ್ಟು ಪುಕ್ಕಲಿ ಇನ್ನೊಬ್ಬಳಿಲ್ಲ, ಇದನ್ನು ಅವಳ ಮುಂದೆಯೇ ಹೇಳುತ್ತೇನೆ. ತೂಗುಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬೆಟ್ಟದ ಮೇಲೆ ಹಿಮ ಜಾರಿದ ಸದ್ದಾದರೆ ನಮ್ಮ ಮನೆಗೆ ಓಡಿ ಬಂದು ಕಂಬ ಹಿಡಿದು ನಿಲ್ಲುತ್ತಾಳೆ. ಹಬ್ಬ ಹತ್ತಿರ ಬಂದಂತೆ ನನ್ನನ್ನು ಹಿಡಿದು ಕೂರಿಸುತ್ತಾಳೆ. ಮೈಕು ಕೈಕೊಟ್ಟರೆ, ಮಳೆ ಬಂದರೆ, ಯಾರಾದರೂ ಕುಡಿದು ಬಂದರೆ ಎಂದು ಮೂರು ಹೊತ್ತೂ ಅದೇ ಜಪ. ಅಷ್ಟು ಹೆದರಿಕೆ ಇದ್ದರೆ ಬಿಟ್ಟುಬಿಡು ಮಾರಾಯ್ತಿ ಅಂದರೆ, ಬಿಟ್ಟರೆ ಇನ್ನೂ ಹೆದರಿಕೆ ಕಣೇ ಅನ್ನುತ್ತಾಳೆ.

ಈ ಹಾಡಿನ ಹಬ್ಬ ಹುಟ್ಟಿದ್ದೂ ಅವಳ ಭಯದಿಂದಲೇ. ಕೆಳಗಿನ ನಾಡಿನಲ್ಲಿ ಯುದ್ಧ ನಡೆಯುತ್ತಿದ್ದ ಚಳಿಗಾಲ ಅದು. ಹಿಟ್ಟು ಬರುತ್ತಿರಲಿಲ್ಲ, ಕರೆಂಟ್ ಇರಲಿಲ್ಲ, ಶಿಶುವಿಹಾರದ ಬಾಗಿಲಿಗೆ ಹಲಗೆ ಹೊಡೆದಿದ್ದರು. ಗಂಡನನ್ನು ಕಳೆದುಕೊಂಡು ತಾಯಿಯೊಬ್ಬಳ ಜೊತೆ ಇದ್ದ ಸವ್ಸನಕ್ಕ ಒಂದು ಸಂಜೆ ನಮ್ಮ ಮನೆಗೆ ಬಂದು, ನನಗೆ ಕತ್ತಲಲ್ಲಿ ಕೂತು ಕೂತು ತಲೆ ಕೆಡ್ತಿದೆ, ನಿಮ್ಮನೆಯವರೆಲ್ಲಾ ಬಂದು ಹಾಡಿ ಅಂದಳು. ನಮ್ಮ ಮಾವ ರಬಾಬ್ ತಂತಿವಾದ್ಯ ನುಡಿಸುತ್ತಿದ್ದರು, ನಾದಿನಿಯರು ದಫ್ ಬಡಿಯುತ್ತಿದ್ದರು, ಹೋದೆವು. ಮರುದಿನ ಅವಳು ಇನ್ನೊಂದು ಮನೆಯವರನ್ನು ಕರೆದಳು. ಚಳಿಗಾಲ ಮುಗಿಯುವ ಹೊತ್ತಿಗೆ ಊರಿನ ಪ್ರತಿ ಮನೆಯೂ ಅವಳ ಐದು ಕಂಬದ ಮನೆಯಲ್ಲಿ ಒಂದು ಸಲವಾದರೂ ಹಾಡಿತ್ತು. ಮುಂದಿನ ನವ್ರೂಜ್‌ಗೆ ಅದು ಶಾಲೆಯ ಅಂಗಳಕ್ಕೆ ಬಂತು.

ಅವಳ ನಿಯಮ ಒಂದೇ. ಒಬ್ಬೊಬ್ಬರಾಗಿ ಹಾಡುವಂತಿಲ್ಲ. ಒಂದು ಹಂಡೆಯಲ್ಲಿ ಉಣ್ಣುವವರೆಲ್ಲ ಒಟ್ಟಿಗೆ ವೇದಿಕೆ ಹತ್ತಬೇಕು, ಮೊಲೆ ಕುಡಿಯುವ ಕೂಸಿನಿಂದ ಹಿಡಿದು ಹಲ್ಲಿಲ್ಲದ ಅಜ್ಜನವರೆಗೆ. ಒಂದು ವರ್ಷ ಅಕ್ನಜರ್ ಮನೆಯ ಅಣ್ಣತಮ್ಮಂದಿರು ಜರ್ದಾಳು ಮರಕ್ಕಾಗಿ ಜಗಳವಾಡಿ ಮಾತು ಬಿಟ್ಟಿದ್ದರು. ಹಂಡೆ ಒಂದೇ ತಾನೆ ಎಂದು ಇವಳು ಇಬ್ಬರನ್ನೂ ಹತ್ತಿಸಿದಳು. ಬೆನ್ನಿಗೆ ಬೆನ್ನು ಹಾಕಿಕೊಂಡು ಹಾಡಿದರು. ಎರಡನೇ ನುಡಿಯಲ್ಲಿ ತಮ್ಮ ತಪ್ಪಿದ, ಅಣ್ಣ ತಿರುಗಿ ಅವನಿಗೆ ಕತ್ತೆ ಅಂದ. ಎರಡು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಅದು. ಊರೇ ನಕ್ಕಿತು, ಅವರ ತಾಯಿ ಮಾತ್ರ ಅತ್ತಳು.

ದಫ್ ನಮ್ಮಲ್ಲಿ ಹೆಂಗಸರ ವಾದ್ಯ. ಒಳಗೆ ಬಳೆ ಕಟ್ಟಿದ ಮರದ ಚೌಕಟ್ಟು, ಮೇಲೆ ಆಡಿನ ಚರ್ಮ. ನಮ್ಮ ಚಳಿಗೆ ಚರ್ಮ ಸಡಿಲವಾಗುತ್ತದೆ, ಬಡಿದರೆ ಒದ್ದೆ ಚೀಲ ಬಡಿದಂತೆ ಧುಬ್ ಎನ್ನುತ್ತದೆ. ಬೆಂಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸಿದ ಮೇಲೇ ಅದಕ್ಕೆ ಜೀವ ಬರುವುದು. ಆದರೆ ಊರಲ್ಲಿ ಸಾವಾದರೆ, ಹೆಣ ಮಣ್ಣು ಸೇರುವವರೆಗೆ ಯಾವ ಮನೆಯೂ ದಫ್‌ಗೆ ಬೆಂಕಿ ತೋರಿಸುವುದಿಲ್ಲ. ಹಾಗೆ ತೋರಿಸಿದರೆ ಹೋದವನ ಹಿಂದೆಯೇ ಅವನ ಮನೆಯ ಇನ್ನೊಂದು ಜೀವ ಹೋಗುತ್ತದೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಇದನ್ನು ನಂಬುತ್ತೀರಾ ಎಂದು ಕೇಳಿದರೆ ನಾವು ನಗುತ್ತೇವೆ. ನಕ್ಕರೂ ಯಾರೂ ಕಾಯಿಸುವುದಿಲ್ಲ.

ಈಗ ಸವ್ಸನಕ್ಕನಿಗೆ ಅಂಗೈ ಇಟ್ಟು ನೋಡುವ ಅಭ್ಯಾಸ ಹಿಡಿದ ವರ್ಷದ ಮಾತಿಗೆ ಬರುತ್ತೇನೆ. ದೌಲತ್ಮೋ ಎಂಬುವಳ ಮನೆ ಊರ ತುದಿಯಲ್ಲಿ, ಸೇತುವೆಗೆ ಇಳಿಯುವ ದಾರಿಯಲ್ಲಿದೆ. ಅವಳ ಅಪ್ಪ ದಫ್ ಕಟ್ಟುವವನು. ಹಸಿ ಚರ್ಮದ ವಾಸನೆಯಲ್ಲೇ ಬೆಳೆದ ಹುಡುಗಿ ಅವಳು, ಅವಳ ಕೈಯಲ್ಲಿ ದಫ್ ಮಾತಾಡುತ್ತಿತ್ತು. ಅವಳ ಗಂಡ ಕದಮ್‌ಶೋ ಮತ್ತು ತಮ್ಮ ಇಮೊಮ್‌ಯೋರ್ ಇಬ್ಬರೂ ಒಂದೇ ನೀಲಿ ಲಾರಿಯಲ್ಲಿ ಮೇಲಿನ ಮುರ್ಗಾಬ್ ಕಡೆಗೆ ಸಾಮಾನು ಸಾಗಿಸುತ್ತಿದ್ದರು. ಒಬ್ಬ ಓಡಿಸುವಾಗ ಇನ್ನೊಬ್ಬ ನಿದ್ದೆ. ಇಮೊಮ್‌ಯೋರ್ ಅಕ್ಕನ ಮನೆಯಲ್ಲೇ ಇದ್ದದ್ದರಿಂದ ಅವನೂ ಅದೇ ಹಂಡೆಯವನು, ವೇದಿಕೆಯಲ್ಲಿ ಅವರ ಸಾಲಿನಲ್ಲೇ ಕೂರುತ್ತಿದ್ದ. ಕದಮ್‌ಶೋ ರಬಾಬ್ ನುಡಿಸಿದರೆ ಇವನು ಹಾಡುವುದು, ದೌಲತ್ಮೋ ದಫ್, ಮಗಳು ಗುಲ್ನೊರ ತಾಯಿಯ ಪಕ್ಕ, ಗಂಡನ ತಾಯಿ, ಕಿವಿ ಕೇಳದ ಅತ್ತೆ ಗುಲ್‌ಬೇಗಿಮ್ ಸುಮ್ಮನೆ ನಡುವೆ ಕೂತು ಎಲ್ಲರ ಮುಖ ನೋಡಿ ನಗುವುದು.

ಹಬ್ಬದ ಬೆಳಿಗ್ಗೆ ಮನೆಮನೆಯ ಕಂಬಗಳಿಗೆ ಹಿಟ್ಟಿನ ಚುಕ್ಕಿ ಇಡುತ್ತಿದ್ದ ಹೊತ್ತು. ನಮ್ಮೂರಲ್ಲಿ ಫೋನ್ ಹಿಡಿಯುವುದು ಶಾಲೆಯ ಮಾಳಿಗೆ ಮೇಲೆ ಮಾತ್ರ. ಸವ್ಸನಕ್ಕ ಪಟ್ಟಣದ ಧ್ವನಿವರ್ಧಕದವನಿಗೆ ಫೋನ್ ಮಾಡಲು ಮೇಲೆ ಹತ್ತಿದ್ದಳು. ಅವಳು ಮಾಡುವ ಮೊದಲೇ ಅವಳ ಫೋನ್ ರಿಂಗಾಯಿತು. ಗುರುತಿಲ್ಲದ ಗಂಡಸಿನ ದನಿ, ಲಾರಿಯಲ್ಲಿ ಈ ನಂಬರ್ ಸಿಕ್ಕಿತಂತೆ. ವಿಯೋಜ್‌ನವರ ನೀಲಿ ಲಾರಿ ಮೇಲಿನ ಕಣಿವೆಯಲ್ಲಿ ಹಿಮಕ್ಕೆ ಸಿಕ್ಕು ಉರುಳಿದೆ, ಒಬ್ಬ ಹೋಗಿದ್ದಾನೆ, ಇನ್ನೊಬ್ಬನಿಗೆ ಜೀವ ಇದೆ, ಯಾರಾದರೂ ಬನ್ನಿ ಎಂದಿತು. ಯಾರು ಹೋದದ್ದು ಎಂದು ಇವಳು ಕೇಳುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ನಾನು ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದೆ. ಅವಳು ಮಾಳಿಗೆಯ ಏಣಿಯಲ್ಲಿ ಹಿಮ್ಮುಖವಾಗಿ ಇಳಿದಳು, ಕೊನೆಯ ಮೆಟ್ಟಿಲಲ್ಲಿ ಕೂತೇಬಿಟ್ಟಳು. ಏನಾಯ್ತೇ ಅಂದರೆ ಫೋನನ್ನು ನನ್ನ ಕೈಗೆ ತುರುಕಿದಳು. ನೀರು ಕುಡಿಸಿದ ಮೇಲೆ ಹೇಳಿದಳು. ನನ್ನ ಕೈಯಲ್ಲಿದ್ದ ಸೌದೆ ಕೆಳಗೆ ಬಿತ್ತು.

ಇಬ್ಬರೂ ಊರಿನ ಖಲೀಫನ ಮನೆಗೆ ಓಡಿದೆವು. ಖಲೀಫ ನೆಕ್‌ಕದಮ್ ನಮ್ಮಲ್ಲಿ ಹುಟ್ಟು ಸಾವಿನ ಪ್ರಾರ್ಥನೆ ಮಾಡಿಸುವ ಹಿರಿಯ, ಆತುರದ ಮನುಷ್ಯನಲ್ಲ. ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಕೇಳಿದ. ಆಮೇಲೆ ತನ್ನ ಮಗನನ್ನೂ ಇನ್ನಿಬ್ಬರನ್ನೂ ಜೀಪಿನಲ್ಲಿ ಮೇಲಕ್ಕೆ ಕಳಿಸಿದ. ಯಾರಾದರೂ ಕೇಳಿದರೆ ಹಬ್ಬದ ಅತಿಥಿಗಳನ್ನು ಕರೆತರಲು ಹೋದರು ಅನ್ನಿ ಅಂದ. ದೌಲತ್ಮೋಗೆ ಹೇಳಬೇಕಲ್ಲವಾ ಎಂದು ನಾನು ಕೇಳಿದೆ.

“ಏನಂತ ಹೇಳ್ತೀಯಮ್ಮ?” ಅಂದ ಖಲೀಫ. “ಗಂಡನಿಗೆ ಅಳು ಅಂತೀಯೋ, ತಮ್ಮನಿಗೆ ಅಳು ಅಂತೀಯೋ? ಬದುಕಿರೋನ ಹೆಸರು ಹಿಡಿದು ಅತ್ತರೆ ಅದಕ್ಕಿಂತ ಕೆಟ್ಟದ್ದು ಉಂಟಾ? ಜೀಪ್ ಬರಲಿ. ಅಲ್ಲೀವರೆಗೆ ಯಾರೂ ಬಾಯಿ ಬಿಡಕೂಡದು.”

ಹಾಗಾದರೆ ಹಬ್ಬ ನಿಲ್ಲಿಸುತ್ತೇನೆ ಎಂದಳು ಸವ್ಸನಕ್ಕ. ನಿಲ್ಲಿಸಿದರೆ ಯಾಕೆ ನಿಂತಿತು ಎಂದು ಮೊದಲು ಕೇಳುವವಳೇ ದೌಲತ್ಮೋ ಎಂದ ಖಲೀಫ. ನಡೆಸಿದರೆ ದಫ್ ಕಾಯಿಸಬೇಕು, ಒಬ್ಬ ಹೆಣವಾಗಿದ್ದಾನೆ, ಇನ್ನೊಬ್ಬ ದಾರಿಯಲ್ಲಿ ಅರೆಜೀವವಾಗಿ ಬರುತ್ತಿದ್ದಾನೆ, ಅವನಿಗೇನಾದರೂ ಆದರೆ ಎಂದಳು ಇವಳು. ಖಲೀಫ ಜಪಮಣಿ ಕೈಗೆತ್ತಿಕೊಂಡು ಕಣ್ಣು ಮುಚ್ಚಿಕೊಂಡ. ಆ ಮುದುಕನಿಗೂ ಭಯವಾಗಿದೆ ಎಂದು ಆಗ ನನಗೆ ತಿಳಿಯಿತು.

ಹೊರಗೆ ಬಂದ ಸವ್ಸನಕ್ಕ ಕಾಲುವೆಯ ಬಳಿ ಕೂತಳು. ಆಮೇಲೆ ಮುಖ ತೊಳೆದು, ತಲೆವಸ್ತ್ರ ಸರಿಮಾಡಿಕೊಂಡು, ಹೇಳದೆ ಅವರ ಕೈಲಿ ದಫ್ ಕಾಯಿಸಿದರೆ ಮೋಸ ಕಣೇ ಎಂದು ಮನೆಮನೆಗೆ ಹೊರಟಳು. ಹಾಡಲಿದ್ದ ಏಳು ಮನೆಗಳಿಗೂ ಹೋಗಿ ಬಾಗಿಲು ಹಾಕಿಕೊಂಡು ಹೇಳಿದಳು. ಹೀಗಾಗಿದೆ, ಯಾರೆಂದು ಗೊತ್ತಿಲ್ಲ, ಅವಳ ಕಿವಿಗೆ ಬೀಳಬಾರದು, ಎಂದಿನಂತೆ ಬನ್ನಿ, ಎಂದಿನಂತೆ ನಗಿ, ದಫ್ ಕಾಯಿಸಿ, ಪಾಪವೇನಿದ್ದರೂ ನನ್ನ ಕುತ್ತಿಗೆಗೆ ಬರಲಿ. ಎಲ್ಲರೂ ತಲೆಯಾಡಿಸಿದರು. ಎದೆ ಮೇಲೆ ಕೈಯಿಟ್ಟು ಸರಿ ಅಂದರು. ನಾನೂ ಜೊತೆಯಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ.

ಎಂಟನೆಯ ಮನೆ ದೌಲತ್ಮೋಳದು. ಅಲ್ಲಿಗೆ ಹೋಗುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅವಳೇ ಬಂದಳು. ಹೊಸ ಕೆಂಪು ಕಸೂತಿಯ ಅಂಗಿ, ಕೈಯಲ್ಲಿ ಬೊಗಸೆ ತುಂಬ ಒಣ ಹಿಪ್ಪುನೇರಳೆ. ವಸಂತ ಶುಭವಾಗಲಿ ಎಂದು ನನ್ನ ಕೆನ್ನೆಗೆ ಮುತ್ತಿಟ್ಟಳು. ಅವಳ ಕೆನ್ನೆ ತಣ್ಣಗಿತ್ತು, ಚಳಿಯಲ್ಲಿ ನಡೆದುಬಂದಿದ್ದಳಲ್ಲ.

“ಸವ್ಸನಕ್ಕ, ನಮ್ಮನ್ನ ಕೊನೇಲಿ ಇಡು,” ಅಂದಳು. “ನಮ್ಮ ಗಂಡಸರು ಮಧ್ಯಾಹ್ನದೊಳಗೆ ಬರ್ತೀವಿ ಅಂದಿದ್ದಾರೆ. ರಬಾಬ್ ಇಲ್ದೆ ನಾನು ಹತ್ತಲ್ಲ.”

ಕೊನೆಯಲ್ಲೇ ಇಡ್ತೀನಿ ಬಿಡು ಎಂದಳು ಸವ್ಸನಕ್ಕ. ಅವಳ ದನಿ ಸಾಫಾಗಿತ್ತು. ಕೈಗಳನ್ನು ಮಾತ್ರ ಬೆರಳ ತುದಿಯವರೆಗೂ ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದಳು.

ಹಬ್ಬ ಶುರುವಾಯಿತು. ಅಂಗಳ ತುಂಬಿತು, ಗೋಡೆ ಮೇಲೂ ಜನ. ಊರಿಗೆ ಊರೇ ಗೊತ್ತಿದ್ದು ಏನೂ ಗೊತ್ತಿಲ್ಲದಂತೆ ಕೂತಿತ್ತು. ದೌಲತ್ಮೋ ಅತ್ತೆಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. ಅಲ್ಲಿಂದ ಕೆಳಗೆ ನದಿ ಕಾಣುತ್ತದೆ, ಸೇತುವೆ ಕಾಣುತ್ತದೆ, ಆಚೆ ದಡದ ರಸ್ತೆಯೂ ಕಾಣುತ್ತದೆ. ಅವಳು ಒಂದು ಕಣ್ಣು ವೇದಿಕೆಯ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟು ಕೂತಳು. ನಾವೆಲ್ಲ ಎರಡು ಕಣ್ಣನ್ನೂ ಅವಳ ಮೇಲಿಟ್ಟು, ಅವಳು ತಿರುಗಿದಾಗ ಬೇರೆ ಕಡೆ ನೋಡುತ್ತಿದ್ದೆವು.

ಮೊದಲು ಅಕ್ನಜರ್ ಮನೆಯವರು ಹತ್ತಿದರು. ಹಂಡೆ ಉಕ್ಕುತ್ತಿದ್ದದ್ದರಿಂದ ನನಗೆ ಕತ್ತೆತ್ತಲು ಪುರಸೊತ್ತಿರಲಿಲ್ಲ. ಹಾಡು ಶುರುವಾಯಿತು, ರಬಾಬ್ ಸರಿಯಾಗಿಯೇ ಇತ್ತು, ದಫ್ ಮಾತ್ರ ಧುಬ್ ಧುಬ್ ಎಂದಿತು. ಕಾಯಿಸಿದ್ದು ಸಾಲದು ಅಂದುಕೊಂಡೆ. ಆಗ ನೆನಪಾಯಿತು, ಅವರ ಸೊಸೆ ನನ್ನ ಒಲೆಯ ಹತ್ತಿರ ಬಂದೇ ಇರಲಿಲ್ಲ. ಮನೆಯಲ್ಲೇ ಕಾಯಿಸಿಕೊಂಡು ಬಂದಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಎರಡನೆಯ ಮನೆಯವರು ಹತ್ತಿದರು. ಧುಬ್ ಧುಬ್. ಅವರೂ ಬಂದಿರಲಿಲ್ಲ. ಮೂರನೆಯವರು ನನ್ನ ಒಲೆಯ ಪಕ್ಕದಲ್ಲೇ ಹಾದು ಹೋದರು. ಆ ಮನೆಯ ಹುಡುಗಿ ದಫ್ಫನ್ನು ಶಾಲಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು, ಬೆಂಕಿಯ ಝಳ ತಾಗದಿರಲಿ ಎಂದು.

ಆಗ ನನಗೆ ಅರ್ಥವಾಯಿತು. ನಮ್ಮದೊಂದು ತಣ್ಣಗಿದ್ದರೆ ಯಾರಿಗೆ ಗೊತ್ತಾಗುತ್ತದೆ, ಮಿಕ್ಕವರು ಕಾಯಿಸಿರುತ್ತಾರಲ್ಲ, ಆ ಬದುಕಿರುವವನ ಜೀವ ನಮ್ಮಿಂದ ಹೋಗುವುದು ಬೇಡ ಎಂದು ಪ್ರತಿಯೊಂದು ಮನೆಯೂ ತನ್ನಷ್ಟಕ್ಕೆ ಅಂದುಕೊಂಡಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದವಳು ದಫ್ ಕಟ್ಟುವವನ ಮಗಳು. ಸಿಟ್ಟು ಬಂತು ನನಗೆ. ಇಷ್ಟು ದಡ್ಡರೇ ನೀವು ಎಂದು ಕೂಗಬೇಕು ಅನ್ನಿಸಿತು. ಕೂಗುವುದು ಯಾರ ಮೇಲೆ, ನನಗೂ ಒಂದು ದಫ್ ಇದ್ದಿದ್ದರೆ ನಾನೇನು ಕಾಯಿಸುತ್ತಿದ್ದೆನೇ?

ನಾನು ದೌಲತ್ಮೋಳ ಕಡೆ ನೋಡಿದೆ. ಮೊದಲೆರಡು ಹಾಡಿಗೆ ತಾಳ ಹಾಕುತ್ತಿದ್ದ ಅವಳ ಬೆರಳುಗಳು ತೊಡೆಯ ಮೇಲೆ ನಿಂತುಹೋಗಿದ್ದವು. ಆದರೆ ಅವಳ ಮುಖದಲ್ಲಿ ನಗು ಹಾಗೇ ಇತ್ತು. ಅವಳು ರಸ್ತೆಯ ಕಡೆ ನೋಡುವುದನ್ನೂ ಬಿಟ್ಟಿದ್ದಳು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೆಟ್ಟಿಲ ಬಳಿ ನಿಂತಿದ್ದ ಸವ್ಸನಕ್ಕನಿಗೂ ಕೇಳಿಸಿತ್ತು. ಅವಳು ನನ್ನ ಕಡೆ ನೋಡಿದಳು, ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿ ತೆರೆದಳು, ಸೇತುವೆ ದಾಟುವಾಗ ಮಾಡುವ ಹಾಗೆ. ಈಗ ಅವಳು ಮಾಡಬಹುದಾದದ್ದು ಒಂದೇ, ಕೊನೆಯ ಸರದಿ ಬಾರದಂತೆ ಎಳೆಯುವುದು. ಪ್ರತಿ ಮನೆಯವರಿಗೂ ಇನ್ನೊಂದು ಹಾಡಿ, ಇನ್ನೊಂದು ಹಾಡಿ ಎಂದಳು. ಅಜ್ಜಂದಿರಿಂದ ಕಥೆ ಹೇಳಿಸಿದಳು. ಚಿಕ್ಕ ಮಕ್ಕಳನ್ನು ಕುಣಿಸಿದಳು. ನಡುವೆ ನನ್ನ ಬೋಜ್ ಹಂಚಿಸಿದಳು. ಜನ ತಿಂದರು, ರುಚಿ ಯಾರಿಗೂ ಹತ್ತಲಿಲ್ಲ. ಏಳನೆಯ ಮನೆಯವರಿಗೆ ಗೊತ್ತಿದ್ದ ಹಾಡುಗಳೆಲ್ಲ ಮುಗಿದು, ಹಾಡಿದ್ದನ್ನೇ ಮತ್ತೆ ಹಾಡಿದರು. ಧುಬ್ ಧುಬ್ ಧುಬ್. ಹೂಳುವ ಮಣ್ಣು ಬೀಳುವ ಸದ್ದು ಹೀಗೇ ಇರುತ್ತದೆ. ಅದನ್ನು ಅಲ್ಲಿದ್ದ ಪ್ರತಿಯೊಬ್ಬರೂ ಯೋಚಿಸುತ್ತಿದ್ದರು ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಬಿಸಿಲು ಮೇಲಿನ ಗುಡ್ಡದ ಕಡೆ ಸರಿಯುತ್ತಿತ್ತು, ರಸ್ತೆ ಖಾಲಿಯೇ ಇತ್ತು.

ಅವರು ಇಳಿದರು. ಇನ್ನು ಯಾರೂ ಉಳಿದಿರಲಿಲ್ಲ. ಸವ್ಸನಕ್ಕ ಮೈಕಿನ ಮುಂದೆ ನಿಂತು, ಹಾಡುವವರು ಇನ್ನೂ ದಾರಿಯಲ್ಲಿದ್ದಾರೆ, ಇವತ್ತಿಗೆ ಇಲ್ಲಿಗೆ ಮುಗಿಸೋಣ ಎಂದು ಹೇಳಲು ಹೊರಟಳು. ಅಷ್ಟರಲ್ಲಿ ದೌಲತ್ಮೋ ಎದ್ದಳು.

ಅವಳು ವೇದಿಕೆಗೆ ಹೋಗಲಿಲ್ಲ. ನೆಟ್ಟಗೆ ನನ್ನ ಒಲೆಗೆ ಬಂದಳು. ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ದಫ್ ತೆಗೆದು ಬೆಂಕಿಗೆ ಹಿಡಿದಳು. ತಡೆಯಬೇಕು ಎಂದು ನನ್ನ ಕೈ ಮುಂದಕ್ಕೆ ಹೋಗಿತ್ತು, ಅವಳ ಮುಖ ನೋಡಿ ಹಿಂದಕ್ಕೆ ಬಂತು. ಅವಳು ನಿಧಾನವಾಗಿ ತಿರುಗಿಸಿದಳು, ಕಿವಿಯ ಹತ್ತಿರ ತಂದು ಬೆರಳಲ್ಲಿ ಮೀಟಿದಳು, ಮತ್ತೆ ಕಾಯಿಸಿದಳು. ಕೊನೆಗೆ ಅದು ಠಣ್ ಎಂದಿತು. ಬೆಳಿಗ್ಗೆಯಿಂದ ಆ ಸದ್ದು ಕೇಳದ ಜನ ಬೆಚ್ಚಿಬಿದ್ದರು.

“ಶಕರ್ಮೋ ಅಕ್ಕ,” ಎಂದಳು ಮೆಲ್ಲಗೆ, “ನಿನ್ನ ಒಲೆಗೆ ಇವತ್ತು ಇದೊಂದೇ ಬಂದದ್ದು ಅಲ್ವಾ?”

ಜೋರು ಬಾಯಿಯ ನಾನು ತಲೆತಗ್ಗಿಸಿ ಕೆಂಡ ಕೆದಕಿದೆ. ಅವಳು ಎದ್ದು ಅತ್ತೆಯ ಕೈ ಹಿಡಿದು, ಮಗಳನ್ನು ಕರೆದುಕೊಂಡು ವೇದಿಕೆ ಹತ್ತಿದಳು. ಎರಡು ಜಾಗ ಖಾಲಿ ಬಿಟ್ಟು ಕೂತರು. ಸವ್ಸನಕ್ಕ ಮೈಕಿನ ಪಕ್ಕದಲ್ಲಿ ಕಂಬದಂತೆ ನಿಂತಿದ್ದಳು.

“ಸವ್ಸನಕ್ಕ, ಏಳು ಮನೆ ದಫ್ ಕೇಳಿದೆ,” ಎಂದಳು ದೌಲತ್ಮೋ. “ಒಂದೂ ಬೆಂಕಿ ಕಂಡಿಲ್ಲ. ಯಾರ ಮನೇಲಿ ಅಂತ ಕೇಳಲ್ಲ. ಅದು ನಿಮ್ಮ ಮುಖದಲ್ಲೇ ಇದೆ. ಇಬ್ಬರಲ್ಲಿ ಯಾರು, ಅದನ್ನ ಹೇಳು.”

“ಗೊತ್ತಿಲ್ಲ ಕಣೇ.”

“ನನ್ನ ಕೈ ಮುಟ್ಟಿ ಹೇಳು.”

ಸವ್ಸನಕ್ಕ ಮಂಡಿಯೂರಿ ಕೂತು ಅವಳ ಕೈ ಹಿಡಿದಳು. ಒಬ್ಬ ಹೋಗಿದ್ದಾನೆ, ಒಬ್ಬ ಬರುತ್ತಿದ್ದಾನೆ, ಅಷ್ಟೇ ನಮಗೆ ತಿಳಿದದ್ದು, ಜೀಪು ಹೋಗಿದೆ ಎಂದಳು. ಮೈಕು ಚಾಲೂ ಇತ್ತು, ಆ ಮಾತು ಅಂಗಳಕ್ಕೆಲ್ಲ ಕೇಳಿಸಿತು. ಕಿವಿ ಕೇಳದ ಅತ್ತೆ ಇಬ್ಬರನ್ನೂ ನೋಡಿ, ಹಬ್ಬದ ಮಾತೇನೋ ಆಡುತ್ತಿದ್ದಾರೆ ಎಂದು ನಕ್ಕಳು.

ದೌಲತ್ಮೋ ಅಳುತ್ತಾಳೆ ಎಂದು ನಾವು ಕಾದೆವು. ಅವಳು ಅಳಲಿಲ್ಲ. ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

“ಹಾಗಾದ್ರೆ ಜೀಪ್ ಬರೋವರೆಗೂ ನನಗೆ ಇಬ್ಬರೂ ಇದ್ದಾರೆ,” ಎಂದಳು ಆಮೇಲೆ. “ಬರೋನು ಯಾರೇ ಆಗಲಿ, ನೋವಲ್ಲಿ ಬರ್ತಾನೆ. ಆಚೆ ದಡದಿಂದಲೇ ಕಿವಿಗೊಡ್ತಾನೆ, ಹಬ್ಬ ಅಂತ ಅವನಿಗೆ ಗೊತ್ತು. ಅವನಿಗೆ ಈ ತಣ್ಣನೆ ದಫ್ ಕೇಳಿಸಬೇಡಿ. ಹೋಗಿ ಕಾಯಿಸಿ.”

ಯಾರೂ ಅಲ್ಲಾಡಲಿಲ್ಲ. ಹೆಂಗಸರು ದಫ್‌ಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಖಲೀಫನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ. ಅಷ್ಟು ಜನರ ಭಯ ಒಂದೇ ಕಡೆ ಸೇರಿದರೆ ಹೇಗಿರುತ್ತದೆ ಎಂದು ನಾನು ಆ ದಿನ ಕಂಡೆ. ಮೂಲೆಯಲ್ಲಿ ಒಂದು ಮಗು ಸುಮ್ಮಸುಮ್ಮನೆ ಅಳತೊಡಗಿತು.

ಆಗ ಎದ್ದವಳು ನಮ್ಮ ಪುಕ್ಕಲಿ. ಸವ್ಸನಕ್ಕ ವೇದಿಕೆ ಇಳಿದು, ಅಕ್ನಜರ್ ಮನೆಯ ಸೊಸೆಯ ಎದೆಯಿಂದ ದಫ್ ಕಿತ್ತುಕೊಂಡು, ನನ್ನ ಒಲೆಗೆ ಬಂದು ಕೂತಳು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ದಫ್ಫಿನ ಒಳಬಳೆಗಳು ತಾವೇ ಘಲಘಲ ಅನ್ನುತ್ತಿದ್ದವು. ಚರ್ಮ ಸುಟ್ಟೀತು ಎಂದು ನಾನು ಅವಳ ಮೊಣಕೈ ಹಿಡಿದುಕೊಂಡೆ. ಹಿಡ್ಕೊ ಕಣೇ, ಬಿಡಬೇಡ, ಬಿಟ್ಟರೆ ಓಡಿಹೋಗ್ತೀನಿ ಎಂದಳು. ಅವಳು ಕಾಯಿಸಿ ಮುಗಿಸುವ ಹೊತ್ತಿಗೆ ನನ್ನ ಇನ್ನೊಂದು ಪಕ್ಕದಲ್ಲಿ ಯಾರೋ ಕೂತರು. ಆಮೇಲೆ ಇನ್ನೊಬ್ಬರು. ಕೊನೆಗೆ ಒಲೆಯ ಸುತ್ತ ಜಾಗ ಸಾಲದೆ ಹೆಂಗಸರು ಒಬ್ಬರ ಭುಜದ ಮೇಲಿಂದ ಒಬ್ಬರು ದಫ್ ಚಾಚಿದರು. ಬಾಯಲ್ಲಿ ಎಲ್ಲರೂ ದೇವರ ಹೆಸರು ಹೇಳುತ್ತಿದ್ದರು, ಕ್ಷಮಿಸು ಎಂದೋ ಕಾಪಾಡು ಎಂದೋ ಗೊತ್ತಾಗುತ್ತಿರಲಿಲ್ಲ.

ದೌಲತ್ಮೋ ಶುರುಮಾಡಿದಳು, ಅವರು ಸೇರಿಕೊಂಡರು. ಹಾಡಿಲ್ಲ, ರಬಾಬ್ ಇಲ್ಲ, ಬರೀ ದಫ್. ಕಾದ ಚರ್ಮದ ಸದ್ದು ಆಚೆ ಗುಡ್ಡಕ್ಕೆ ಬಡಿದು ವಾಪಸು ಬಂತು. ಹಬ್ಬದಲ್ಲಿ ಎಷ್ಟೋ ವರ್ಷ ಎಷ್ಟೋ ಒಳ್ಳೆಯ ವಾದನ ಕೇಳಿದ್ದೇನೆ, ಅಂಥದ್ದು ಕೇಳಿಲ್ಲ, ಇನ್ನೊಮ್ಮೆ ಕೇಳುವುದೂ ಬೇಡ. ನಿಲ್ಲಿಸಿದರೆ ಜೀಪಿನ ಸದ್ದು ಕೇಳಿಸುತ್ತದೆ ಎಂಬ ಹೆದರಿಕೆಗೆ ಯಾರೂ ನಿಲ್ಲಿಸಲಿಲ್ಲ. ಕೈ ಸೋತವರು ಪಕ್ಕದವರಿಗೆ ಕೊಟ್ಟರು, ಆರಿದ ದಫ್ ಮತ್ತೆ ಒಲೆಗೆ ಬಂತು. ನಾನು ಬೋಜ್‌ಗೆಂದು ಇಟ್ಟಿದ್ದ ಸೌದೆಯನ್ನೆಲ್ಲ ಉರಿಸಿಬಿಟ್ಟೆ.

ಬಿಸಿಲು ನದಿಯನ್ನು ಬಿಟ್ಟು ಮೇಲೆ ಹೋದ ಹೊತ್ತಿಗೆ ಆಚೆ ದಡದ ರಸ್ತೆಯಲ್ಲಿ ಜೀಪು ಕಾಣಿಸಿತು. ಮೊದಲು ನೋಡಿದವರು ಯಾರೂ ಬಾಯಿ ಬಿಡಲಿಲ್ಲ. ದೌಲತ್ಮೋ ಸೇತುವೆಗೆ ಬೆನ್ನು ಹಾಕಿ ತಿರುಗಿ ಕೂತಳು. ಬಡಿಯುತ್ತಲೇ ಸವ್ಸನಕ್ಕನನ್ನು ಹತ್ತಿರ ಕರೆದಳು.

“ನಾನು ನೋಡಲ್ಲ,” ಎಂದಳು. “ನೀನು ನೋಡಿ ಹೇಳು.”

ಇಡೀ ಬದುಕಿನಲ್ಲಿ ಸವ್ಸನಕ್ಕ ಹೆದರಿದ ಎಲ್ಲ ಹೆದರಿಕೆಯೂ ಅಲ್ಲಿಗೆ ಬಂದು ನಿಂತಿತ್ತು. ಅವಳು ವೇದಿಕೆಯ ಅಂಚಿಗೆ ಹೋಗಿ ನಿಂತಳು. ಕಣ್ಣು ಮುಚ್ಚಲಿಲ್ಲ. ಜೀಪು ಸೇತುವೆಯ ತಲೆಯಲ್ಲಿ ನಿಂತಿತು. ಖಲೀಫನ ಮಗ ಇಳಿದ. ಆಮೇಲೆ ಇಬ್ಬರು ಸೇರಿ ಇನ್ನೊಬ್ಬನನ್ನು ಇಳಿಸಿದರು, ತಲೆಗೆ ಬಟ್ಟೆ ಸುತ್ತಿತ್ತು, ಮೈಮೇಲೆ ಯಾರದೋ ದೊಡ್ಡ ಕೋಟು. ನನಗೆ ಒಲೆಯ ಹತ್ತಿರದಿಂದ ಏನೂ ಗುರುತು ಹತ್ತಲಿಲ್ಲ. ಅವನು ಸೇತುವೆಯ ಮೇಲೆ ಕಾಲಿಟ್ಟ, ನಿಂತ, ನಮ್ಮ ದಫ್‌ಗಳ ಕಡೆ ತಲೆಯೆತ್ತಿದ. ಮತ್ತೆ ನಡೆಯತೊಡಗಿದ.

ಸವ್ಸನಕ್ಕ ತಿರುಗಿ ಬಂದು ದೌಲತ್ಮೋಳ ಮುಂದೆ ಕೂತಳು. ಅವಳ ದಫ್ಫಿನ ಮೇಲೆ ಅಂಗೈ ಅಗಲಿಸಿ ಇಟ್ಟಳು. ಸದ್ದು ನಿಂತಿತು. ಒಂದೊಂದಾಗಿ ಉಳಿದ ದಫ್‌ಗಳೂ ನಿಂತವು.

“ನಿನ್ನ ತಮ್ಮ ಬಂದ ಕಣೇ,” ಎಂದಳು.

ದೌಲತ್ಮೋ ಆ ಕೈಯನ್ನು ಮೆಲ್ಲಗೆ ಸರಿಸಿದಳು. ಆಮೇಲೆ ದಫ್ಫನ್ನು ಅತ್ತೆಯ ಮಡಿಲಿಗೆ ಇಟ್ಟು, ಮಗಳ ಕೈ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಸೇತುವೆಯ ಕಡೆ ಇಳಿದಳು. ಸವ್ಸನಕ್ಕ ಅವಳ ಹಿಂದೆಯೇ ಹೋದಳು. ಅಂಗಳ ಎದ್ದು ನಿಂತಿತು. ವೇದಿಕೆಯ ಮೇಲೆ ಗುಲ್‌ಬೇಗಿಮ್ ಒಬ್ಬಳೇ ಉಳಿದಳು, ನಾನು ಹೋಗಿ ಅವಳ ಪಕ್ಕ ಕೂತೆ. ಚಳಿ ಇಳಿಯುತ್ತಿತ್ತು. ಮುದುಕಿ ಮಗನಿಗಾಗಿ ಖಾಲಿ ಬಿಟ್ಟಿದ್ದ ಜಾಗಕ್ಕೆ ಸರಿದು ನನಗೆ ಇನ್ನಷ್ಟು ಎಡೆ ಮಾಡಿಕೊಟ್ಟಳು. ಇನ್ನೂ ಬಿಸಿಯಿದ್ದ ಆ ಚರ್ಮದ ಮೇಲೆ ತನ್ನ ಎರಡೂ ಅಂಗೈ ಇಟ್ಟು ಕಾಯಿಸಿಕೊಳ್ಳುತ್ತ, ನನ್ನ ಮುಖ ನೋಡಿ ನಕ್ಕು, ಯಾರು ಬಂದದ್ದು ಎಂದು ಕೇಳಿದಳು.